ಪ್ರಕಟಣೆಗಳ ಪಟ್ಟಿಯನ್ನು ಓದುವ ಬಗೆ: ಆಟಿಸಂ ಮತ್ತು ಮಾನಸಿಕ ಆರೋಗ್ಯದ ಸಂಶೋಧಕರ ಕುರಿತು ಓದುಗರ ಪ್ರಶ್ನೆಗಳು

ಆಟಿಸಂ ಕುರಿತು ಮಾತನಾಡುವ ತಜ್ಞರ ಹೆಸರಿನೊಂದಿಗೆ ಅವರು ಪ್ರಕಟಿಸಿದ ಲೇಖನಗಳ ಪಟ್ಟಿಯೂ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಆ ಪಟ್ಟಿಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಹೇಳಿಕೊಡುವವರು ಕಡಿಮೆ. ಈ ವಿಷಯವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಅವನಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದ್ದಾರೆ. ಪರಿಚಿತರು ಇಬ್ಬರು ತಜ್ಞರ ಹೆಸರನ್ನು ಸೂಚಿಸಿದ್ದು, ಒಬ್ಬರ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳಿವೆ, ಮತ್ತೊಬ್ಬರ ಹೆಸರಿನಲ್ಲಿ ಹದಿನೈದೂ ಇಲ್ಲ. ಇಷ್ಟು ಅಂತರವಿರುವಾಗ ಮೊದಲನೆಯವರನ್ನೇ ನಂಬುವುದು ಸರಿಯಲ್ಲವೇ?
– ಒಬ್ಬ ತಾಯಿ

ಉತ್ತರ: ಸಂಖ್ಯೆಯೊಂದನ್ನೇ ನೋಡಿ ಆ ತೀರ್ಮಾನಕ್ಕೆ ಬರಬೇಡಿ. ಇನ್ನೂರು ಎಂಬ ಅಂಕಿಯೊಳಗೆ ಏನೇನು ಸೇರಿದೆ ಎಂಬುದನ್ನು ಬಿಡಿಸಿ ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಪ್ರಕಟಣೆಗಳ ಪಟ್ಟಿಯಲ್ಲಿ ಹೊಸ ದತ್ತಾಂಶವನ್ನು ಸಂಗ್ರಹಿಸಿ ಬರೆದ ಮೂಲ ಅಧ್ಯಯನಗಳಿರುತ್ತವೆ. ಬೇರೆಯವರ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶಾ ಲೇಖನಗಳಿರುತ್ತವೆ. ಸಂಪಾದಕರಿಗೆ ಬರೆದ ಪತ್ರಗಳು, ಸಂಪಾದಕೀಯಗಳು, ಪುಸ್ತಕದ ಅಧ್ಯಾಯಗಳು, ಸಮ್ಮೇಳನಗಳಲ್ಲಿ ಮಂಡಿಸಿದ ಅರ್ಧ ಪುಟದ ಸಾರಾಂಶಗಳೂ ಇರುತ್ತವೆ. ಎಣಿಸುವ ಯಂತ್ರಕ್ಕೆ ಇವೆಲ್ಲವೂ ಒಂದೊಂದೇ. ನಾಲ್ಕು ವರ್ಷ ಮಕ್ಕಳನ್ನು ಹಿಂಬಾಲಿಸಿ ಬರೆದ ಅಧ್ಯಯನವೂ ಒಂದು, ಎರಡು ಪ್ಯಾರಾಗಳ ಪತ್ರವೂ ಒಂದು.

ಮುಂದೆ ಲೇಖಕರ ಸಾಲಿನಲ್ಲಿ ಅವರ ಹೆಸರು ಎಲ್ಲಿದೆ ಎಂಬುದನ್ನು ಗಮನಿಸಿ. ವೈದ್ಯಕೀಯ ಮತ್ತು ಮನಶ್ಶಾಸ್ತ್ರದ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕೆಲಸದ ಹೆಚ್ಚಿನ ಭಾಗವನ್ನು ಮಾಡಿ ಬರೆದವರು ಮೊದಲ ಸ್ಥಾನದಲ್ಲಿರುತ್ತಾರೆ, ತಂಡವನ್ನು ನಡೆಸಿದ ಹಿರಿಯರು ಕೊನೆಯ ಸ್ಥಾನದಲ್ಲಿರುತ್ತಾರೆ. ನಡುವಿನ ಹೆಸರುಗಳ ಪಾಲು ಬಹಳವೂ ಇರಬಹುದು, ಅತ್ಯಲ್ಪವೂ ಇರಬಹುದು. ಆಟಿಸಂನ ತಳಿಶಾಸ್ತ್ರದಲ್ಲಿ ಇದು ಇನ್ನೂ ಮುಖ್ಯ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ 18,381 ಮಂದಿಯ ಮತ್ತು ಹೋಲಿಕೆಗಾಗಿ 27,969 ಮಂದಿಯ ವಂಶವಾಹಿ ಮಾಹಿತಿಯನ್ನು ಪರಿಶೀಲಿಸಲಾಯಿತು. ಇಷ್ಟು ದೊಡ್ಡ ಕೆಲಸಕ್ಕೆ ಅನೇಕ ದೇಶಗಳ ಬಹಳಷ್ಟು ಕೈಗಳು ಬೇಕು, ಹಾಗಾಗಿ ಲೇಖಕರ ಪಟ್ಟಿಯೂ ಉದ್ದವಾಗುತ್ತದೆ. ಅಂಥ ಒಕ್ಕೂಟಗಳಲ್ಲಿ ಇರುವವರ ಹೆಸರಿನಲ್ಲಿ ಪ್ರಕಟಣೆಗಳು ಬೇಗ ಬೆಳೆಯುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಸಂಖ್ಯೆಯನ್ನು ಒಂಟಿಯಾಗಿ ಮಕ್ಕಳ ಜೊತೆ ಕುಳಿತು ಅಧ್ಯಯನ ಮಾಡುವವರ ಸಂಖ್ಯೆಯೊಂದಿಗೆ ಹೋಲಿಸುವುದು ಇಬ್ಬರಿಗೂ ಅನ್ಯಾಯ. ಈಚೆಗೆ ಅನೇಕ ಪತ್ರಿಕೆಗಳು ಯಾರು ಯೋಜನೆ ರೂಪಿಸಿದರು, ಯಾರು ದತ್ತಾಂಶ ಸಂಗ್ರಹಿಸಿದರು, ಯಾರು ಬರೆದರು ಎಂಬುದನ್ನು ಹದಿನಾಲ್ಕು ಬಗೆಯ ಪಾತ್ರಗಳಾಗಿ ವಿಂಗಡಿಸಿ ಲೇಖನದ ಕೊನೆಯಲ್ಲಿ ಮುದ್ರಿಸುತ್ತಿವೆ. ಅಲ್ಲಿಗೊಮ್ಮೆ ಕಣ್ಣು ಹಾಯಿಸಿದರೆ ಬಹಳ ಸಂಗತಿ ತಿಳಿಯುತ್ತದೆ.

ಚಿಕ್ಕ ಪಟ್ಟಿಯನ್ನಾಗಲಿ ಚಿಕ್ಕ ಅಧ್ಯಯನವನ್ನಾಗಲಿ ಕಡೆಗಣಿಸಬೇಡಿ ಎನ್ನುವುದಕ್ಕೆ ಈ ಕ್ಷೇತ್ರದ ಚರಿತ್ರೆಯೇ ಕಾರಣ ಒದಗಿಸುತ್ತದೆ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದಾಗ ಅವರ ಲೇಖನದಲ್ಲಿದ್ದದ್ದು ಹನ್ನೊಂದು ಮಕ್ಕಳ ವೃತ್ತಾಂತ. ಆಮೇಲಿನ ದಶಕಗಳಲ್ಲಿ ತಾಯಂದಿರ ಮಮತೆಯ ಕೊರತೆಯೇ ಆಟಿಸಂಗೆ ಕಾರಣವೆಂಬ ಕ್ರೂರವಾದ ನಂಬಿಕೆ ಹರಡಿತು. ಎಷ್ಟೋ ತಾಯಂದಿರು ಮಾಡದ ತಪ್ಪಿನ ಭಾರವನ್ನು ಹೊತ್ತು ಬದುಕಿದರು. ಆ ನಂಬಿಕೆಯನ್ನು ಅಲುಗಾಡಿಸಿದ ಕೆಲಸಗಳಲ್ಲಿ ಒಂದು, 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಪ್ರಕಟಿಸಿದ ಅವಳಿಗಳ ಅಧ್ಯಯನ. ಅದರಲ್ಲಿದ್ದದ್ದು ಕೇವಲ 21 ಜೋಡಿ. ಏಕರೂಪಿ ಅವಳಿಗಳ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ಭಿನ್ನರೂಪಿ ಅವಳಿಗಳ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆಟಿಸಂನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ಒಪ್ಪುವ ದಾರಿ ಅಲ್ಲಿಂದ ತೆರೆಯಿತು. ತಾಯಿಯಾದ ನೀವು ಇಂದು ಆ ಆರೋಪವನ್ನು ಹೊರಬೇಕಾಗಿಲ್ಲ ಎನ್ನುವುದರ ಹಿಂದೆ ಅಷ್ಟು ಚಿಕ್ಕದೊಂದು ಲೇಖನದ ಪಾಲೂ ಇದೆ.

ಕೊನೆಯದಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ರಕಟಣೆಗಳ ಪಟ್ಟಿ ವಿದ್ವತ್ತಿನ ದಾಖಲೆಯೇ ಹೊರತು ಮಗುವಿನೊಂದಿಗೆ ಕೆಲಸ ಮಾಡುವ ಕೌಶಲದ ದಾಖಲೆಯಲ್ಲ. ವಂಶವಾಹಿಗಳ ಕುರಿತು ಅತ್ಯುತ್ತಮ ಕೆಲಸ ಮಾಡಿದವರಿಗೆ ಮಾತು ಬಾರದ ಐದು ವರ್ಷದ ಮಗುವಿನ ಅಗತ್ಯಗಳು ತಿಳಿದಿರಬೇಕೆಂದೇನೂ ಇಲ್ಲ. ಆದ್ದರಿಂದ ಇಬ್ಬರನ್ನೂ ಭೇಟಿಯಾಗಿ, ನಿಮ್ಮ ಮಗನ ವಯಸ್ಸಿನ ಮತ್ತು ಅವನಂಥದೇ ಸಂವಹನ ಸಾಮರ್ಥ್ಯದ ಮಕ್ಕಳೊಂದಿಗೆ ಅವರು ಎಷ್ಟು ಕಾಲ ಕೆಲಸ ಮಾಡಿದ್ದಾರೆ, ಅವರು ಸೂಚಿಸುವ ವಿಧಾನಕ್ಕೆ ಯಾವ ಆಧಾರವಿದೆ, ಅದರಿಂದ ಏನು ಬದಲಾಗಬಹುದು ಮತ್ತು ಏನು ಬದಲಾಗಲಾರದು ಎಂದು ಕೇಳಿ. ಏನು ಬದಲಾಗಲಾರದು ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುವವರ ಬಳಿ ಹೋಗಿ.

ಪ್ರಶ್ನೆ: ನಾನು ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಆಟಿಸಂ ಇರುವವರ ಮಾನಸಿಕ ಆರೋಗ್ಯದ ಬಗ್ಗೆ ಪಿಎಚ್‌.ಡಿ. ಮಾಡುವ ಆಸೆಯಿದೆ. ಮಾರ್ಗದರ್ಶಕರನ್ನು ಆರಿಸುವಾಗ ಎಚ್-ಇಂಡೆಕ್ಸ್ ಮತ್ತು ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡು ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಒಬ್ಬರ ಎಚ್-ಇಂಡೆಕ್ಸ್ 40 ಎಂದರೆ, ಅವರ ಲೇಖನಗಳಲ್ಲಿ ನಲವತ್ತನ್ನು ಇತರರು ತಲಾ ಕನಿಷ್ಠ ನಲವತ್ತು ಬಾರಿ ಉಲ್ಲೇಖಿಸಿದ್ದಾರೆ ಎಂದರ್ಥ. ಈ ಅಂಕಿ ವಯಸ್ಸಾದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೆಚ್ಚು ಮಂದಿ ಕೆಲಸ ಮಾಡುವ ಉಪಕ್ಷೇತ್ರದಲ್ಲಿ ಬೇಗ ಏರುತ್ತದೆ. ಲೇಖನವನ್ನು ಮೆಚ್ಚಿ ಉಲ್ಲೇಖಿಸಿದರೋ ತಪ್ಪೆಂದು ತೋರಿಸಲು ಉಲ್ಲೇಖಿಸಿದರೋ ಎಂಬ ಭೇದ ಅದಕ್ಕಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ಪತ್ರಿಕೆಯ ಲೇಖನಗಳು ಪಡೆದ ಉಲ್ಲೇಖಗಳ ಸರಾಸರಿ, ಅದರಲ್ಲಿ ಬಂದ ಒಂದು ನಿರ್ದಿಷ್ಟ ಲೇಖನದ ಗುಣದ ಅಳತೆಯಲ್ಲ. ಸಂಶೋಧಕರನ್ನು ಅಳೆಯಲು ಅದನ್ನು ಬಳಸಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯಲ್ಲಿ ವಿಜ್ಞಾನ ಸಮುದಾಯದವರೇ ಹೇಳಿದ್ದಾರೆ.

ಹಾಗಾದರೆ ಏನನ್ನು ನೋಡಬೇಕು? ನನ್ನ ಅಭಿಪ್ರಾಯದಲ್ಲಿ ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ಓದುತ್ತಾ ಬರಬೇಕು. ಒಂದೇ ಪ್ರಶ್ನೆಯನ್ನು ಹಿಡಿದು ಈ ಸಂಶೋಧಕರು ವರ್ಷಗಟ್ಟಲೆ ನಡೆದಿದ್ದಾರೆಯೇ, ತಮ್ಮ ಮೊದಲ ಫಲಿತಾಂಶವನ್ನು ಮತ್ತೆ ಪರೀಕ್ಷೆಗೆ ಒಡ್ಡಿದ್ದಾರೆಯೇ, ನಿರೀಕ್ಷೆ ಸುಳ್ಳಾದಾಗ ಅದನ್ನೂ ಪ್ರಕಟಿಸಿದ್ದಾರೆಯೇ ಎಂಬುದನ್ನು ಹುಡುಕಬೇಕು. ಎಲ್ಲ ಲೇಖನಗಳಲ್ಲೂ ಗೆಲುವೇ ಇರುವ ಪಟ್ಟಿಯನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಪುನರಾವರ್ತಿಸಿ 2015ರಲ್ಲಿ ಪ್ರಕಟಿಸಿದ ವರದಿಯನ್ನು ನೀವು ಓದಿರಬಹುದು: ಮೂಲ ಅಧ್ಯಯನಗಳಲ್ಲಿ ಶೇಕಡ 97ರಷ್ಟು ಗಮನಾರ್ಹ ಫಲಿತಾಂಶ ತೋರಿಸಿದ್ದವು, ಪುನರಾವರ್ತನೆಯಲ್ಲಿ ಅದು ಶೇಕಡ 36ಕ್ಕೆ ಇಳಿಯಿತು.

ಒಳ್ಳೆಯ ಪಟ್ಟಿ ಹೇಗಿರುತ್ತದೆ ಎಂಬುದಕ್ಕೆ ಜೊನಾಥನ್ ಗ್ರೀನ್ ಅವರ ನೇತೃತ್ವದಲ್ಲಿ ಬ್ರಿಟನ್ನಿನಲ್ಲಿ ನಡೆದ ‘ಪ್ಯಾಕ್ಟ್’ ಎಂಬ ಪ್ರಯೋಗವನ್ನು ಉದಾಹರಿಸುತ್ತೇನೆ. ಎಳೆಯ ಮಕ್ಕಳೊಂದಿಗೆ ತಂದೆತಾಯಿ ಆಡುವ, ಮಾತನಾಡುವ ರೀತಿಯನ್ನು ವಿಡಿಯೋ ಮಾಡಿ, ಮಗು ಕೊಡುವ ಸಣ್ಣ ಸಣ್ಣ ಸೂಚನೆಗಳನ್ನು ಅವರು ಗುರುತಿಸಿ ಪ್ರತಿಕ್ರಿಯಿಸುವಂತೆ ನೆರವಾಗುವುದು ಆ ವಿಧಾನ. 152 ಮಕ್ಕಳು ಭಾಗವಹಿಸಿದ ಈ ಪ್ರಯೋಗದ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ತಂದೆತಾಯಿ ಮತ್ತು ಮಗುವಿನ ನಡುವಣ ಸಂವಹನ ಸುಧಾರಿಸಿದೆ, ಆದರೆ ಆಟಿಸಂ ಲಕ್ಷಣಗಳನ್ನು ತಗ್ಗಿಸುವುದಕ್ಕಾಗಿ ಇದನ್ನು ಶಿಫಾರಸು ಮಾಡಲಾರೆವು ಎಂದು ವಿಧಾನವನ್ನು ಪರೀಕ್ಷಿಸಿದವರೇ ಬರೆದರು. ಅಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಅವರು ಬಿಡಲಿಲ್ಲ, ಸುಮಾರು ಆರು ವರ್ಷಗಳ ಬಳಿಕ ಅದೇ ಮಕ್ಕಳಲ್ಲಿ 121 ಮಂದಿಯನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಬಾರಿ ಲಕ್ಷಣಗಳ ತೀವ್ರತೆಯಲ್ಲಿ ಇಳಿಕೆ ಕಂಡಿತ್ತು. ಅದರ ಜೊತೆಗೆ ಮಕ್ಕಳ ಆತಂಕದಂಥ ಮಾನಸಿಕ ಸಮಸ್ಯೆಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಅವರು ಹೇಳಿದರು. ಆಟಿಸಂ ಲಕ್ಷಣ ಮತ್ತು ಮಾನಸಿಕ ಆರೋಗ್ಯ ಬೇರೆ ಬೇರೆ ಸಂಗತಿಗಳು, ಒಂದಕ್ಕೆ ನೆರವಾದದ್ದು ಮತ್ತೊಂದಕ್ಕೆ ತಾನಾಗಿಯೇ ನೆರವಾಗುವುದಿಲ್ಲ ಎಂಬುದನ್ನು ಈ ಎರಡು ಲೇಖನಗಳನ್ನು ಒಟ್ಟಿಗೆ ಓದಿದವರು ಬೇಗ ಅರಿಯುತ್ತಾರೆ. ನೀವು ಆರಿಸಿಕೊಂಡಿರುವ ವಿಷಯಕ್ಕೆ ಇದು ಅತ್ಯಗತ್ಯವಾದ ತಿಳಿವಳಿಕೆ.

ಇದಕ್ಕೆ ಎದುರಾದದ್ದು ಸೆಕ್ರೆಟಿನ್ ಪ್ರಕರಣ. ಜೀರ್ಣಾಂಗದ ಪರೀಕ್ಷೆಗೆ ಬಳಸುವ ಈ ಹಾರ್ಮೋನನ್ನು ಕೊಟ್ಟ ಬಳಿಕ ಮೂವರು ಮಕ್ಕಳ ವರ್ತನೆಯೂ ಸುಧಾರಿಸಿತೆಂದು 1998ರಲ್ಲಿ ವರದಿಯೊಂದು ಪ್ರಕಟವಾಯಿತು. ಮೂರೇ ಮಕ್ಕಳು, ಹೋಲಿಕೆಯ ಗುಂಪಿಲ್ಲ. ಆದರೂ ಆ ಔಷಧಕ್ಕಾಗಿ ಹೆತ್ತವರು ಹಂಬಲಿಸಿದರು. ಮರುವರ್ಷವೇ ಅರುವತ್ತು ಮಕ್ಕಳ ಪ್ರಯೋಗ ನಡೆಯಿತು. ಯಾರಿಗೆ ಸೆಕ್ರೆಟಿನ್, ಯಾರಿಗೆ ಬರಿಯ ಲವಣಜಲ ಎಂಬುದು ಹೆತ್ತವರಿಗೂ ಪರೀಕ್ಷಿಸುವವರಿಗೂ ತಿಳಿಯದಂತೆ ಕೊಟ್ಟಾಗ ಎರಡೂ ಗುಂಪುಗಳು ಸರಿಸುಮಾರು ಒಂದೇ ರೀತಿ ಸುಧಾರಿಸಿದವು. ಇದನ್ನು ತಿಳಿಸಿದ ಮೇಲೂ ಹೆತ್ತವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಸೆಕ್ರೆಟಿನ್ ಬೇಕೆಂದೇ ಹೇಳಿದರು. ಆ ಹೆತ್ತವರನ್ನು ನಾನು ದೂರಲಾರೆ. ಮೊದಲ ವರದಿ ಎಬ್ಬಿಸಿದ ಆಸೆಯನ್ನು ಎರಡನೆಯ ವರದಿ ಇಳಿಸಲಾರದು, ಅದಕ್ಕಾಗಿಯೇ ಮೊದಲ ವರದಿಯನ್ನು ಬರೆಯುವವರ ಹೊಣೆ ದೊಡ್ಡದು. ಆಕ್ಸಿಟೋಸಿನ್ ಎಂಬ ಮತ್ತೊಂದು ಹಾರ್ಮೋನಿನ ವಿಷಯದಲ್ಲೂ ಚಿಕ್ಕ ಅಧ್ಯಯನಗಳು ಭರವಸೆ ಮೂಡಿಸಿದ್ದವು. 290 ಮಕ್ಕಳು ಮತ್ತು ಹದಿಹರೆಯದವರ ಮೇಲೆ 24 ವಾರ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಾಗ, ಸಾಮಾಜಿಕ ನಡವಳಿಕೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಗಮನಾರ್ಹ ವ್ಯತ್ಯಾಸ ಇರಲಿಲ್ಲ.

ಆದ್ದರಿಂದ ಚಿಕಿತ್ಸೆಯ ಪ್ರಯೋಗಗಳನ್ನು ನಡೆಸಿದವರ ಪಟ್ಟಿಯಲ್ಲಿ ಪ್ರಯೋಗ ಆರಂಭವಾಗುವ ಮೊದಲೇ ಅದನ್ನು ಸಾರ್ವಜನಿಕವಾಗಿ ನೋಂದಾಯಿಸಿದ್ದರೇ ಎಂಬುದನ್ನು ನೋಡಿ. ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ಇದನ್ನು ಕಡ್ಡಾಯ ಮಾಡಿದ್ದಾರೆ. ಏನನ್ನು ಅಳೆಯುತ್ತೇವೆಂದು ನೋಂದಣಿಯಲ್ಲಿ ಬರೆದಿದ್ದರೋ ಅದನ್ನೇ ಲೇಖನದಲ್ಲೂ ಮುಖ್ಯ ಫಲಿತಾಂಶವಾಗಿ ಕೊಟ್ಟಿದ್ದಾರೆಯೇ ಎಂದು ಹೋಲಿಸುವುದು ಒಂದು ಸಂಜೆಯ ಕೆಲಸ. ಇನ್ನೂ ಒಂದು ವಿಷಯ ನಿಮಗೆ ವೈಯಕ್ತಿಕವಾಗಿ ಮುಖ್ಯ: ಹಿಂದಿನ ವಿದ್ಯಾರ್ಥಿಗಳು ಮೊದಲ ಲೇಖಕರಾಗಿರುವ ಲೇಖನಗಳು ಪಟ್ಟಿಯಲ್ಲಿ ಎಷ್ಟಿವೆ, ಆ ವಿದ್ಯಾರ್ಥಿಗಳು ಮುಂದೆ ತಮ್ಮದೇ ಹೆಸರಿನಲ್ಲಿ ಬರೆಯುತ್ತಿದ್ದಾರೆಯೇ? ವಿದ್ಯಾರ್ಥಿಗಳ ಹೆಸರು ಯಾವಾಗಲೂ ನಡುವಿನಲ್ಲೇ ಉಳಿದಿದ್ದರೆ ಅವರಲ್ಲೊಬ್ಬರನ್ನು ಸಂಪರ್ಕಿಸಿ ಕಾರಣ ವಿಚಾರಿಸಿ.

ಪ್ರಶ್ನೆ: ನನಗೆ ಆಟಿಸಂ ಇದೆಯೆಂದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ನನ್ನನ್ನು ದಿನವೂ ಕಾಡುವುದು ಆತಂಕ. ಹೆಸರಾಂತ ಸಂಶೋಧಕರ ಪಟ್ಟಿಗಳನ್ನು ನೋಡಿದರೆ ಮಕ್ಕಳು, ಮಿದುಳು, ವಂಶವಾಹಿಗಳು, ಇವೇ ತುಂಬಿಕೊಂಡಿವೆ. ನನ್ನಂಥವರ ಬದುಕು ಇವರ ಕಣ್ಣಿಗೆ ಬೀಳುವುದಿಲ್ಲವೇ?

ಉತ್ತರ: ನೀವು ಗಮನಿಸಿದ್ದು ನಿಜ, ಮತ್ತು ನಿಮ್ಮ ಬೇಸರ ನ್ಯಾಯವಾದದ್ದು. ಇದಕ್ಕೆ ಕಾರಣಗಳಿವೆ, ಅವು ಸಮರ್ಥನೆಗಳಲ್ಲ.

ಆಟಿಸಂ ಎಂಬುದು ಮೊದಲಿಗೆ ಬಾಲ್ಯದ ಸ್ಥಿತಿಯೆಂದೇ ವಿವರಿಸಲ್ಪಟ್ಟಿತು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ 1980ರಲ್ಲಿ ಅದು ಸೇರಿದ್ದೇ ಶೈಶವದ ಆಟಿಸಂ ಎಂಬ ಹೆಸರಿನಲ್ಲಿ. ಮುಂದೆ ಲೋರ್ನಾ ವಿಂಗ್ ಅವರಂಥವರು ಚಿತ್ರವನ್ನು ಹಿಗ್ಗಿಸಿದರು. ಮನೋವೈದ್ಯೆಯೂ ಆಟಿಸಂ ಇದ್ದ ಮಗಳ ತಾಯಿಯೂ ಆಗಿದ್ದ ಅವರು 1981ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಅವರ ಕೆಲಸದ ಬಗ್ಗೆ ಬರೆದ ಲೇಖನದ ಬಳಿಕವೇ ಚೆನ್ನಾಗಿ ಮಾತನಾಡಬಲ್ಲ, ಆದರೆ ಬದುಕಿನಲ್ಲಿ ಬಹಳ ಕಷ್ಟಪಡುವ ವ್ಯಕ್ತಿಗಳತ್ತ ಗಮನ ಹರಿಯಿತು. ನಿರ್ಣಯದ ನಿಯಮಗಳೂ ಸಂಶೋಧನೆಯ ದಾರಿಯನ್ನು ಕಟ್ಟಿಹಾಕಿದ್ದವು. ಅದೇ ಕೈಪಿಡಿಯ ನಾಲ್ಕನೆಯ ಆವೃತ್ತಿಯ ಪ್ರಕಾರ, ಆಟಿಸಂ ಇರುವ ವ್ಯಕ್ತಿಗೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆಯಾದ ಎಡಿಎಚ್‌ಡಿಯನ್ನೂ ಸೇರಿಸಿ ನಿರ್ಣಯ ಕೊಡುವಂತಿರಲಿಲ್ಲ. 2013ರ ಐದನೆಯ ಆವೃತ್ತಿ ಆ ತಡೆಯನ್ನು ತೆಗೆಯಿತು. ಹಾಗಾಗಿ ಹಿರಿಯ ಸಂಶೋಧಕರ ಪಟ್ಟಿಯಲ್ಲಿ 2013ಕ್ಕಿಂತ ಮೊದಲು ಈ ಎರಡೂ ಒಟ್ಟಿಗಿರುವವರ ಕುರಿತ ಕೆಲಸ ಕಡಿಮೆಯಿದ್ದರೆ ಅದನ್ನು ಆ ಕಾಲದ ನಿಯಮದ ನೆರಳೆಂದು ತಿಳಿಯಬೇಕು.

ಆದರೂ ಮಾನಸಿಕ ಆರೋಗ್ಯದ ಪ್ರಶ್ನೆಯನ್ನು ಎತ್ತಿಕೊಂಡವರು ಇದ್ದಾರೆ. 2008ರಲ್ಲಿ ಎಮಿಲಿ ಸಿಮೊನಾಫ್ ಮತ್ತು ಸಂಗಡಿಗರು ಆಟಿಸಂ ಇರುವ 112 ಮಕ್ಕಳನ್ನು ಪರೀಕ್ಷಿಸಿ, ಶೇಕಡ 70ರಷ್ಟು ಮಂದಿಗೆ ಜೊತೆಯಲ್ಲಿ ಕನಿಷ್ಠ ಒಂದು ಮನೋವೈದ್ಯಕೀಯ ಸಮಸ್ಯೆ ಇದೆಯೆಂದು ತೋರಿಸಿದರು. 2019ರಲ್ಲಿ ಮೆಂಗ್-ಚುವಾನ್ ಲಾಯ್ ಅವರ ತಂಡ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಆತಂಕದ ಸಮಸ್ಯೆ ಸುಮಾರು ಶೇಕಡ 20, ಖಿನ್ನತೆ ಶೇಕಡ 11, ಎಡಿಎಚ್‌ಡಿ ಶೇಕಡ 28 ಎಂದು ಕಂಡುಬಂತು. ಈ ಅಂಕಿಗಳು ಬೇರೆ ಬೇರೆ ಲೇಖನಗಳಲ್ಲಿ ಬೇರೆ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ಚಿಕಿತ್ಸೆಗೆಂದು ಬಂದವರನ್ನು ಎಣಿಸಿದರೆ ಅಂಕಿ ಏರುತ್ತದೆ, ಇಡೀ ಜನಸಮುದಾಯದಿಂದ ಆಯ್ದವರನ್ನು ಎಣಿಸಿದರೆ ಇಳಿಯುತ್ತದೆ. ಲಾಯ್ ಅವರ ತಂಡವೂ ಇದನ್ನೇ ಗುರುತಿಸಿದೆ. ಆದ್ದರಿಂದ ಮಾನಸಿಕ ಆರೋಗ್ಯದ ಲೇಖನವನ್ನು ತೆರೆದೊಡನೆ ಭಾಗವಹಿಸಿದವರು ಎಲ್ಲಿಂದ ಬಂದರು ಎಂಬುದನ್ನು ಮೊದಲು ಓದಬೇಕು.

ಅಳತೆಯ ಸಾಧನ ಯಾವುದು ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಆತಂಕವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಆಟಿಸಂ ಇಲ್ಲದವರಿಗಾಗಿ ರೂಪಿಸಿದವು. ಜನರ ಗುಂಪಿನಿಂದ ದೂರವಿರುತ್ತೀರಾ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸಿದವರು ಇತರರ ಅಭಿಪ್ರಾಯಕ್ಕೆ ಅಂಜಿ ದೂರವಿರಬಹುದು, ಅಥವಾ ಶಬ್ದ ಮತ್ತು ಬೆಳಕು ಸಹಿಸಲಾಗದೆ ದೂರವಿರಬಹುದು. ಪ್ರಶ್ನಾವಳಿಗೆ ಎರಡೂ ಒಂದೇ ಅಂಕ, ನೆರವಿನ ದಾರಿ ಮಾತ್ರ ಸಂಪೂರ್ಣ ಬೇರೆ. ಈ ವ್ಯತ್ಯಾಸವನ್ನು ಅರಿತು, ಆಟಿಸಂ ಇರುವವರಿಗೆ ಒಪ್ಪುವ ಸಾಧನಗಳನ್ನು ರೂಪಿಸಿ ಪರೀಕ್ಷಿಸಿದ ಲೇಖನಗಳು ಒಬ್ಬರ ಪಟ್ಟಿಯಲ್ಲಿದ್ದರೆ, ಅವು ಕಡಿಮೆ ಪ್ರಸಿದ್ಧವಾಗಿದ್ದರೂ ನಾನು ಅವಕ್ಕೆ ಹೆಚ್ಚಿನ ಬೆಲೆ ಕೊಡುತ್ತೇನೆ.

ನಿಮಗಿಂತಲೂ ಹೆಚ್ಚು ಕಣ್ಮರೆಯಾಗಿರುವ ಒಂದು ಗುಂಪು ಇದೆ ಎಂಬುದನ್ನೂ ಇಲ್ಲಿ ಹೇಳಬೇಕು. ಆಟಿಸಂ ಕುರಿತ ಮುನ್ನೂರು ಅಧ್ಯಯನಗಳನ್ನು ಪರಿಶೀಲಿಸಿದ 2019ರ ಲೇಖನವೊಂದರ ಪ್ರಕಾರ, ಅವುಗಳಲ್ಲಿ ಭಾಗವಹಿಸಿದ ಆಟಿಸಂ ಇರುವವರ ಪೈಕಿ ಶೇಕಡ 94 ಮಂದಿಗೆ ಬೌದ್ಧಿಕ ಅಸಾಮರ್ಥ್ಯ ಇರಲಿಲ್ಲ. ಪ್ರಶ್ನಾವಳಿಯನ್ನು ತಾವೇ ತುಂಬಲಾರದವರ ಆತಂಕ, ಅವರ ಖಿನ್ನತೆ ಬಹುಪಾಲು ಸಂಶೋಧನೆಯಲ್ಲಿ ದಾಖಲಾಗುವುದೇ ಇಲ್ಲ. ಇದು ನನಗೆ ಈ ಕ್ಷೇತ್ರದ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಆಟಿಸಂ ಇರುವ ಸಂಶೋಧಕರೇ ಬರೆದ ಕೆಲಸವನ್ನೂ ಹುಡುಕಿ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರಕಟಿಸಿದ ಒಂದು ಕಿರುಲೇಖನ, ಪರಸ್ಪರ ಅರಿಯಲಾಗದ ಕೊರತೆ ಆಟಿಸಂ ಇರುವವರಲ್ಲಿ ಮಾತ್ರವಲ್ಲ, ಅದು ಎರಡೂ ಕಡೆಯಿಂದ ಉಂಟಾಗುವ ತೊಡಕು ಎಂದು ವಾದಿಸಿತು. ಅದರ ಬೆನ್ನಿಗೆ ಹಲವು ಪ್ರಾಯೋಗಿಕ ಅಧ್ಯಯನಗಳು ಹುಟ್ಟಿದವು. ಇತರರಂತೆ ಕಾಣಲು ತಮ್ಮ ಸಹಜ ನಡವಳಿಕೆಯನ್ನು ಮರೆಮಾಚುವುದರಿಂದ ಆಗುವ ದಣಿವಿನ ಕುರಿತು 2017ರಿಂದೀಚೆಗೆ ಬಂದಿರುವ ಲೇಖನಗಳಲ್ಲಿ ನಿಮ್ಮ ವಯಸ್ಸಿನವರ ಅನುಭವ ನೇರವಾಗಿ ಸಿಗುತ್ತದೆ. ಆತಂಕ ನಿಮ್ಮನ್ನು ದಿನವೂ ಕಾಡುತ್ತಿದೆ ಎಂದಿದ್ದೀರಿ. ಲೇಖನಗಳ ಹುಡುಕಾಟ ಮುಗಿಯುವವರೆಗೆ ಕಾಯದೆ, ವಯಸ್ಕರ ಆಟಿಸಂ ಬಲ್ಲ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಈಗಲೇ ಕಾಣಿರಿ.

ಪ್ರಶ್ನೆ: ಸಂಶೋಧಕರೊಬ್ಬರ ಪಟ್ಟಿಯಲ್ಲಿ ಪತ್ರಿಕೆ ಹಿಂತೆಗೆದುಕೊಂಡ ಲೇಖನವೊಂದು ಇದೆ. ಅವರ ಉಳಿದ ಎಲ್ಲ ಕೆಲಸವನ್ನೂ ತಳ್ಳಿಹಾಕಬೇಕೇ?

ಉತ್ತರ: ಹಿಂತೆಗೆದುಕೊಂಡದ್ದು ಏಕೆ ಎಂಬುದರ ಮೇಲೆ ಅದು ನಿಂತಿದೆ. ಆ ಕಾರಣವನ್ನು ಪತ್ರಿಕೆ ಪ್ರಕಟಣೆಯಲ್ಲಿ ತಿಳಿಸುತ್ತದೆ. ಲೆಕ್ಕದಲ್ಲಿ ಆದ ಪ್ರಮಾದವನ್ನು ಲೇಖಕರೇ ಕಂಡುಹಿಡಿದು, ತಾವೇ ಪತ್ರಿಕೆಗೆ ಬರೆದು ಲೇಖನವನ್ನು ಹಿಂಪಡೆದಿದ್ದರೆ, ಅಂಥವರ ಮೇಲೆ ನನ್ನ ನಂಬಿಕೆ ಹೆಚ್ಚುತ್ತದೆ. ದತ್ತಾಂಶವನ್ನು ತಿರುಚಿದ್ದು ಕಾರಣವಾಗಿದ್ದರೆ ಉಳಿದ ಲೇಖನಗಳನ್ನೂ ಬೇರೆಯವರು ದೃಢಪಡಿಸುವವರೆಗೆ ಆಧಾರವೆಂದು ಹಿಡಿಯಬಾರದು.

ಈ ಕ್ಷೇತ್ರದಲ್ಲಿ ಅತ್ಯಂತ ಹಾನಿ ಮಾಡಿದ ಪ್ರಕರಣ ಆಂಡ್ರ್ಯೂ ವೇಕ್‌ಫೀಲ್ಡ್ ಅವರದು. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂದು ಸೂಚಿಸಿದ ಅವರ ಲೇಖನ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು, ಅದರಲ್ಲಿದ್ದದ್ದು ಹನ್ನೆರಡು ಮಕ್ಕಳು. 2004ರಲ್ಲಿ ಹದಿಮೂರು ಲೇಖಕರ ಪೈಕಿ ಹತ್ತು ಮಂದಿ ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಇಡೀ ಲೇಖನವನ್ನು ಹಿಂತೆಗೆದುಕೊಂಡದ್ದು 2010ರ ಫೆಬ್ರವರಿಯಲ್ಲಿ, ಅಂದರೆ ಹನ್ನೆರಡು ವರ್ಷಗಳ ಬಳಿಕ. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನು ವೈದ್ಯರ ನೋಂದಣಿಯಿಂದ ತೆಗೆದುಹಾಕಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಲಸಿಕೆಯಿಂದ ಆಟಿಸಂನ ಅಪಾಯ ಹೆಚ್ಚುವುದಿಲ್ಲವೆಂದು ಮತ್ತೊಮ್ಮೆ ತೋರಿಸಿತು. ಇಷ್ಟಾದರೂ ಆ ಭಯ ಇಂದಿಗೂ ಎಷ್ಟೋ ತಂದೆತಾಯಿಯರ ಮನಸ್ಸಿನಲ್ಲಿ ಉಳಿದಿದೆ, ಅದರಿಂದಾಗಿ ಲಸಿಕೆ ತಪ್ಪಿದ ಮಕ್ಕಳು ತಡೆಯಬಹುದಾಗಿದ್ದ ರೋಗಗಳಿಗೆ ತುತ್ತಾಗುತ್ತಿದ್ದಾರೆ.

ಸಂಶೋಧಕರು ತಾವೇ ತಯಾರಿಸುವ ಪಟ್ಟಿಯಲ್ಲಿ ಹಿಂತೆಗೆತದ ಗುರುತು ಇಲ್ಲದಿರುವುದೂ ಉಂಟು. ಪತ್ರಿಕೆಯ ಜಾಲತಾಣದಲ್ಲಿ ಅಥವಾ ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಲೇಖನದ ಶೀರ್ಷಿಕೆಯನ್ನು ಹುಡುಕಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಚಿಕಿತ್ಸಾ ವಿಧಾನವನ್ನು ರೂಪಿಸಿದವರೇ ಅದು ಫಲಕಾರಿ ಎಂದು ಲೇಖನ ಬರೆದಿದ್ದರೆ ನಂಬಬಹುದೇ?

ಉತ್ತರ: ಓದಬಹುದು, ಅದೊಂದನ್ನೇ ನೆಚ್ಚಬಾರದು. ಹೊಸ ವಿಧಾನವನ್ನು ಮೊದಲು ಪರೀಕ್ಷಿಸುವವರು ಅದನ್ನು ರೂಪಿಸಿದವರೇ ಆಗಿರುವುದು ಸಹಜ. ಅವರು ತಮ್ಮ ಹಿತಾಸಕ್ತಿಯನ್ನು ಬಹಿರಂಗವಾಗಿ ಹೇಳಿದ್ದಾರೆಯೇ ಎಂಬುದು ಪ್ರಶ್ನೆ. ಆಟಿಸಂ ಇರುವ ಎಳೆಯ ಮಕ್ಕಳಿಗಾಗಿ ರೂಪಿಸಿದ ಚಿಕಿತ್ಸೆಗಳ 150 ವರದಿಗಳನ್ನು ಕ್ರಿಸ್ಟನ್ ಬೊಟೆಮಾ-ಬ್ಯೂಟೆಲ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಶೇಕಡ 70ರಷ್ಟರಲ್ಲಿ ಕನಿಷ್ಠ ಒಬ್ಬ ಲೇಖಕರಿಗೆ ಅಂಥ ಹಿತಾಸಕ್ತಿ ಇತ್ತು. ಅದನ್ನು ಪೂರ್ತಿಯಾಗಿ, ಸರಿಯಾಗಿ ತಿಳಿಸಿದ್ದವು ಶೇಕಡ 6ಕ್ಕೂ ಕಡಿಮೆ. ಹಿತಾಸಕ್ತಿ ಎಂದರೆ ಔಷಧ ಕಂಪನಿಯ ಹಣ ಮಾತ್ರವಲ್ಲ. ಆ ವಿಧಾನದ ತರಬೇತಿಗೆ ಪಡೆಯುವ ಶುಲ್ಕ, ಕೈಪಿಡಿಯ ಗೌರವಧನ, ಅದೇ ಚಿಕಿತ್ಸೆ ಕೊಡುವ ಕೇಂದ್ರದ ನೌಕರಿ ಎಲ್ಲವೂ ಅದರಲ್ಲಿ ಸೇರುತ್ತವೆ. ರೂಪಿಸಿದವರ ಜೊತೆ ಯಾವ ಸಂಬಂಧವೂ ಇಲ್ಲದ ತಂಡವೊಂದು ಅದೇ ಫಲಿತಾಂಶವನ್ನು ಪಡೆದಿದೆಯೇ ಎಂದು ನೋಡಿ.

ಪ್ರಶ್ನೆ: ಒಂದೇ ಹೆಸರಿನ ಅನೇಕ ಸಂಶೋಧಕರಿದ್ದಾರೆ. ಯಾವ ಲೇಖನ ಯಾರದೆಂದು ತಿಳಿಯುವುದು ಹೇಗೆ? ತಿಳಿದರೂ ಲೇಖನ ತೆರೆಯಲು ಹಣ ಕೇಳುತ್ತಾರೆ.

ಉತ್ತರ: ಹೆಸರಿನ ಗೊಂದಲ ನಿವಾರಣೆಗೆಂದೇ 2012ರಲ್ಲಿ ಆರ್ಕಿಡ್ ಎಂಬ ವ್ಯವಸ್ಥೆ ಆರಂಭವಾಯಿತು. ಅದರಲ್ಲಿ ಪ್ರತಿಯೊಬ್ಬ ಸಂಶೋಧಕರಿಗೂ ಹದಿನಾರು ಅಂಕೆಗಳ ಗುರುತು ಸಂಖ್ಯೆ ಇರುತ್ತದೆ. ಆ ಸಂಖ್ಯೆಯಿಂದ ಹುಡುಕಿದರೆ ಹೆಸರು ಬದಲಾದರೂ, ಸಂಸ್ಥೆ ಬದಲಾದರೂ ಅವರ ಕೆಲಸ ಒಂದೆಡೆ ಸಿಗುತ್ತದೆ. ಆದರೆ ಅದರೊಳಗಿನ ಪಟ್ಟಿಯನ್ನು ಸಂಶೋಧಕರೇ ನಿರ್ವಹಿಸುವುದರಿಂದ ಅದು ಅಪೂರ್ಣವಾಗಿರಬಹುದು. ಗೂಗಲ್ ಸ್ಕಾಲರ್ ತಾನಾಗಿಯೇ ಪಟ್ಟಿ ಕಟ್ಟುವುದರಿಂದ ಅದರಲ್ಲಿ ಬೇರೆಯವರ ಲೇಖನಗಳು ಸೇರಿಕೊಳ್ಳುವುದುಂಟು.

ಪೂರ್ಣ ಲೇಖನಕ್ಕಾಗಿ ಮೊದಲು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ನೋಡಿ, ಅಲ್ಲಿ ಇರುವುದೆಲ್ಲವೂ ಉಚಿತವಾಗಿ ಓದಲು ಲಭ್ಯ. ಪ್ರಿಪ್ರಿಂಟ್ ಸಿಕ್ಕರೆ ಓದಬಹುದು, ಆದರೆ ಅದು ಬೇರೆ ತಜ್ಞರ ಪರಿಶೀಲನೆಗೆ ಒಳಗಾಗುವ ಮೊದಲಿನ ರೂಪ ಎಂಬುದು ನೆನಪಿರಲಿ. ಎಲ್ಲೂ ಸಿಗದಿದ್ದರೆ ಲೇಖನದ ಸಾರಾಂಶದ ಜೊತೆ ಕೊಟ್ಟಿರುವ ಇಮೇಲ್ ವಿಳಾಸಕ್ಕೆ ಎರಡು ಸಾಲು ಬರೆದು ಪ್ರತಿಯನ್ನು ಕೇಳಿ, ಅದರಲ್ಲಿ ಸಂಕೋಚ ಬೇಡ. ‘ಆಟಿಸಂ’ ಎಂಬ ಹೆಸರಿನ ಪತ್ರಿಕೆ ತನ್ನ ಲೇಖನಗಳೊಂದಿಗೆ ಸಾಮಾನ್ಯ ಓದುಗರಿಗಾಗಿ ಸರಳ ಭಾಷೆಯ ಸಾರಾಂಶವನ್ನೂ ಪ್ರಕಟಿಸುತ್ತದೆ. ಅದನ್ನು ಓದಲು ಹಣ ಕೊಡಬೇಕಾಗಿಲ್ಲ.